ದುಡ್ಡಿಲ್ಲದ ದೆವ್ವಾನೇ ಜಾಸ್ತಿ ಹೆದರ್ಸೋದು

"ಹಾರರ್ ನೋಡಿದ್ರೆ ನಂಗೆ ಭಯಾನೇ ಆಗಲ್ಲ ಕಣ್ರೋ" ಅಂದ ಸೀನ.

"ಹಂಗಾದ್ರೆ ಯಾಕಪ್ಪಾ ನೋಡ್ತೀಯಾ, ಕಾಮಿಡಿ ನೋಡಿ ನಗೂನೇ ಬರಲ್ಲ ಅನ್ನೋನು ವಾರ ವಾರ ಕಾಮಿಡೀನೇ ಹಾಕ್ಕೊಂಡು ಕೂರ್ತಾನಾ?" ಅಂತ ಲತಕ್ಕ ಕೇಳಿದ್ರು. ಸೀನನ ಹತ್ರ ಉತ್ತರ ಇರ್ಲಿಲ್ಲ. ಅವನು ಹಾರರ್ ನೋಡೋ ಸ್ಟೈಲು ನಮಗೆಲ್ಲಾ ಗೊತ್ತಿರೋದೇ. ಮಡಿಲಲ್ಲಿ ದಿಂಬು, ರೂಮಲ್ಲಿ ಲೈಟ್ ಆನ್, ಕೈಲಿ ಮೊಬೈಲು, ಮ್ಯೂಸಿಕ್ ಸ್ವಲ್ಪ ಏರ್ತಾ ಇದ್ದಂಗೇ ಯಾವುದೋ ಅರ್ಜೆಂಟ್ ಮೆಸೇಜ್ ಬಂದೋನ ಥರ ತಲೆ ಬಗ್ಗಿಸಿ ಸ್ಕ್ರೀನ್ ಉಜ್ಜೋದು, ನಾವೆಲ್ಲಾ ಕಿರುಚಿ ಮುಗಿಸಿದ ಮೇಲೆ ತಲೆ ಎತ್ತಿ "ಹೆಂಗಿತ್ತು ಸೀನು, ಪರ್ವಾಗಿಲ್ವಾ?" ಅಂತ ಕೇಳೋದು.

ಮೂರ್ತಿ ಗಂಟಲು ಸರಿ ಮಾಡ್ಕೊಂಡ. ಅವನ ಹತ್ರ ಪ್ರಪಂಚದ ಯಾವ ವಿಷಯಕ್ಕೂ ಒಂದು ಸ್ಟಡಿ ಇದ್ದೇ ಇರತ್ತೆ. "1986ರಲ್ಲಿ ಡಾಲ್ಫ್ ಜಿಲ್‌ಮನ್ ಅನ್ನೋರು, ಅವರ ಜೊತೆಗಿನವರು ಸೇರ್ಕೊಂಡು ಕಾಲೇಜು ಹುಡುಗ ಹುಡುಗೀರನ್ನ ಜೋಡಿ ಜೋಡಿಯಾಗಿ ಕೂರಿಸಿ ಹಾರರ್ ತೋರಿಸಿದ್ರು. ಪಕ್ಕದ ಸೀಟಲ್ಲಿ ಕೂತೋರು ಇವರ ಕಡೆಯೋರೇ, ಹೆದರಿದಂಗೆ ನಟಿಸು ಇಲ್ಲಾ ಜಗ್ಗದೇ ಕೂತ್ಕೋ ಅಂತ ಮೊದಲೇ ಹೇಳಿಕೊಟ್ಟಿದ್ರು. ಹುಡುಗರಿಗೆ ಪಕ್ಕದ ಹುಡುಗಿ ಹೆದರಿದಾಗ ಸಿನಿಮಾ ಜಾಸ್ತಿ ಹಿಡಿಸ್ತು, ಹುಡುಗೀರಿಗೆ ಪಕ್ಕದ ಹುಡುಗ ಅಲ್ಲಾಡದೇ ಕೂತಾಗ."

"ಅಂದ್ರೆ ಮಾರ್ಕ್ಸ್ ತಗೊಂಡಿದ್ದು ಸಿನಿಮಾ ಅಲ್ಲ, ಪಕ್ಕದ ಸೀಟು" ಅಂದ್ರು ಲತಕ್ಕ.

ಸೀನ ಅಲ್ಲಿಗೇ ಬಿಡೋ ಗಿರಾಕಿ ಅಲ್ಲ. ಈಗಿನ ಹಾರರ್‌ಗೂ ಹಳೇದಕ್ಕೂ ಹೋಲಿಕೇನೇ ಇಲ್ಲ, ಹಳೇ ಕಾಲದಲ್ಲಿ ಮೇಕಪ್ಪು ಅಂದ್ರೆ ಮೈದಾ ಹಿಟ್ಟು, ಈಗ ಗ್ರಾಫಿಕ್ಸಲ್ಲಿ ದೆವ್ವದ ಹಲ್ಲಿನ ಸಂದೀಲಿ ಏನಿದೆ ಅಂತಾನೂ ತೋರಿಸ್ತಾರೆ, ದುಡ್ಡು ಸುರಿದಷ್ಟೂ ಭಯ ಜಾಸ್ತಿ, ಇದು ಅವನ ವಾದ. ನಂಗೆ ಉರಿದಿದ್ದು ಇಲ್ಲೇ. ಯಾಕಂದ್ರೆ ನನ್ನ ಪ್ರಕಾರ ಕತೆ ಪೂರ್ತಿ ಉಲ್ಟಾ. ಹಾರರ್ ಇಷ್ಟು ವರ್ಷದಿಂದ ಬಾಳಿ ಬದುಕಿರೋದೇ ಕೈ ಖಾಲಿ ಇದ್ದದ್ದಕ್ಕೆ. ದುಡ್ಡಿಲ್ಲ, ಮಷೀನ್ ಕೆಟ್ಟೋಗಿದೆ, ತೋರಿಸೋಕೆ ಏನೂ ಇಲ್ಲ ಅಂದಾಗ್ಲೆಲ್ಲಾ ಉಳಿದ ಕೆಲಸಾನ ನೋಡೋನ ತಲೆಗೆ ಕಟ್ಟಿದ್ರು, ಆ ತಲೆ ಸಂಬಳ ಇಲ್ಲದೇ ದುಡೀತು.

"ಎಕ್ಸಾಂಪಲ್ ಕೊಡು" ಅಂದ ಸೀನ.

1942ರ 'ಕ್ಯಾಟ್ ಪೀಪಲ್' ತಗೋ. ವ್ಯಾಲ್ ಲ್ಯೂಟನ್ ಅಂತ ನಿರ್ಮಾಪಕ, ಸ್ಟುಡಿಯೋದೋರು ಅವನ ಕೈಗೆ ಮೊದಲು ಟೈಟಲ್ ಕೊಟ್ರು, ಕತೆ ಆಮೇಲೆ ನೀನೇ ಹುಡುಕ್ಕೋ ಅಂತ. ದುಡ್ಡು ಅಷ್ಟಕ್ಕಷ್ಟೇ, ಸೆಟ್ಟು ಬೇರೆ ಸಿನಿಮಾದ್ದು. ಬೆಕ್ಕಾಗೋ ಹೆಂಗಸನ್ನ ತೋರಿಸ್ಬೇಕು, ತೋರಿಸೋಕೆ ಗತಿ ಇಲ್ಲ. ಏನ್ ಮಾಡಿದ್ರು? ರಾತ್ರಿ ಖಾಲಿ ರಸ್ತೇಲಿ ಒಬ್ಬಳು ನಡ್ಕೊಂಡು ಹೋಗ್ತಾ ಇರ್ತಾಳೆ, ಟಕ್ ಟಕ್ ಟಕ್ ಹಿಮ್ಮಡಿ ಸದ್ದು, ಹಿಂದೆ ಇನ್ನೊಬ್ಬಳದ್ದು ಟಕ್ ಟಕ್. ಸ್ವಲ್ಪ ಹೊತ್ತಿಗೆ ಹಿಂದಿನ ಸದ್ದು ನಿಂತೋಗತ್ತೆ. ಅಷ್ಟೇ, ಏನೂ ಇಲ್ಲ. ಮುಂದಿನೋಳು ತಿರುಗಿ ನೋಡ್ತಾಳೆ, ಯಾರೂ ಇಲ್ಲ, ಬೇಗ ಬೇಗ ಹೆಜ್ಜೆ ಹಾಕ್ತಾಳೆ, ಲೈಟ್ ಕಂಬದ ಬೆಳಕು, ಕತ್ತಲು, ಮತ್ತೆ ಬೆಳಕು, ಇನ್ನೇನು ಏನೋ ಮೈಮೇಲೆ ಬಿತ್ತು ಅನ್ನೋವಾಗ 'ಸ್ಸ್ಸ್' ಅಂತ ಪರದೆ ಅಂಚಿಂದ ನುಗ್ಗತ್ತೆ.

"ಚಿರತೆ!" ಅಂದ ಸೀನ. ದಿಂಬು ಆಗಲೇ ಗಲ್ಲದ ತನಕ ಬಂದಿತ್ತು.

"ಬಸ್ಸು."

"ಬಸ್ಸಾ?"

"ಬಸ್ಸಿನ ಬ್ರೇಕು ಕಣೋ. ಜನ ಸೀಟಿಂದ ಎಗರಿ ಬಿದ್ರು. ಇವತ್ತಿಗೂ ಆ ಟ್ರಿಕ್ಕಿಗೆ ಲ್ಯೂಟನ್ ಬಸ್ ಅಂತಾನೇ ಹೆಸರು. ನೀನು ನೋಡೋ ಸಿನಿಮಾಗಳಲ್ಲಿ ಬಾಗಿಲು ತೆಗೆದ ಕೂಡ್ಲೇ ಬೆಕ್ಕು ಹಾರೋದು, ಹಿಂದಿನಿಂದ ಫ್ರೆಂಡು ಬಂದು ಭುಜ ಮುಟ್ಟೋದು, ಎಲ್ಲಾ ಆ ಬಸ್ಸಿನ ಸಂತಾನವೇ."

ಲತಕ್ಕ ಜೋರಾಗಿ ನಕ್ಕು, ದೆವ್ವ ಬರುತ್ತೆ ಅಂತ ಕಾದ್ರೆ ಬಸ್ಸು ಬರೋದು, ಬಸ್ಸಿಗೆ ಕಾದ್ರೆ ಏನೂ ಬರದೇ ಇರೋದು, ಎರಡನೇದೇ ನಿಜವಾದ ಹಾರರ್ ಅಂದ್ರು.

ಮೂರ್ತಿಗೆ ಹುರುಪು ಬಂತು. 1975ರ 'ಜಾಸ್' ಕತೆ ತೆಗೆದ. ನಿರ್ದೇಶಕ ಸ್ಪೀಲ್‌ಬರ್ಗ್ ಯಾಂತ್ರಿಕ ಶಾರ್ಕ್ ಮಾಡಿಸಿದ್ದ, ಸಮುದ್ರದ ಉಪ್ಪುನೀರಿಗೆ ಇಳಿಸಿದ್ದೇ ತಡ ಅದು ಕೈಕೊಡೋಕೆ ಶುರು ಮಾಡ್ತು, ಇವತ್ತು ಕೆಲಸ ಮಾಡಿದ್ರೆ ನಾಳೆ ರಜ. ಶಾರ್ಕೇ ಇಲ್ಲದೇ ಶಾರ್ಕ್ ಸಿನಿಮಾ ತೆಗೀಬೇಕು. ಸರಿ ಅಂತ ನೀರಿನ ಮೇಲೆ ಹಳದಿ ಪೀಪಾಯಿ ತೇಲಿಸಿದ್ರು, ಪೀಪಾಯಿ ಈ ಕಡೆ ಬಂದ್ರೆ ಶಾರ್ಕ್ ಬಂತು ಅಂತ ಅರ್ಥ. ಮ್ಯೂಸಿಕ್ ಮಾಡಿದ ಜಾನ್ ವಿಲಿಯಮ್ಸ್ ಎರಡೇ ಸ್ವರ ನುಡಿಸಿ ತೋರಿಸಿದಾಗ ಸ್ಪೀಲ್‌ಬರ್ಗ್ ಇದೇನು ಜೋಕಾ ಅಂತ ನಕ್ಕಿದ್ನಂತೆ. ಆಮೇಲೆ ಆ ಎರಡು ಸ್ವರ ಕೇಳಿ ಜನ ನೀರಿಗಿಳಿಯೋಕೇ ಹಿಂದೆ ಮುಂದೆ ನೋಡಿದ್ರು.

"ಪೀಪಾಯಿಗೆ ಹೆದರಿದ್ರಾ ಜನ" ಅಂದ ಸೀನ, ಹೀಯಾಳಿಸೋ ಥರ. ಫ್ರಿಜ್ಜಿನ ಮೋಟರ್ ಆನ್ ಆದ ಸದ್ದಿಗೆ ಹೌಹಾರೋನು ಅವನು, ನಾನೇನೂ ಹೇಳ್ಲಿಲ್ಲ.

ಆದ್ರೆ ನಂಗೆ ಎಲ್ಲದಕ್ಕಿಂತ ಇಷ್ಟ ರೇಡಿಯೋ ಕಾಲ. ಕಡುಬಡವ ಅಂದ್ರೆ ಅದು, ಚಿತ್ರಾನೇ ಇಲ್ಲ. ಚಿಕಾಗೋದಲ್ಲಿ 1934ರಲ್ಲಿ 'ಲೈಟ್ಸ್ ಔಟ್' ಅಂತ ನಾಟಕ ಸರಣಿ ಶುರುವಾಯ್ತು, ಎಲ್ಲಾ ಲೈಟ್ ಆರಿಸಿ ಅಂತ ಶುರುವಲ್ಲೇ ಅಪ್ಪಣೆ. ತಲೆ ಕಡಿಯೋ ಸದ್ದಿಗೆ ಎಲೆಕೋಸು ಕತ್ತರಿಸ್ತಿದ್ರು. ಮೂಳೆ ಮುರಿಯೋದಕ್ಕೆ ಪಕ್ಕೆಲುಬಿನ ಮಾಂಸ ತಂದು ಪೈಪ್ ರೆಂಚಲ್ಲಿ ಹಿಡಿದು ಲಟಕ್ ಅನ್ನಿಸೋದು. ಕರೆಂಟ್ ಕುರ್ಚೀಲಿ ಕೈದಿ ಸುಟ್ಟುಹೋಗೋ ಸದ್ದಿಗೆ ಬಾಣಲೇಲಿ ಹಂದಿ ಮಾಂಸ ಹುರಿಯೋದು. ಒಂದು ಕತೇಲಿ ಮನುಷ್ಯನ ಮೈ ಒಳಗಿನದೆಲ್ಲಾ ಹೊರಗೆ ಬಂದು ತಿರುವು ಮುರುವಾಗಬೇಕಿತ್ತು, ಅದನ್ನ ಸದ್ದಲ್ಲಿ ಹೆಂಗಪ್ಪಾ ಮಾಡೋದು? ಒದ್ದೆ ರಬ್ಬರ್ ಗ್ಲೌಸನ್ನ ಪಚಕ್ ಅಂತ ತಿರುವಿ ಹಾಕಿದ್ರು, ಮೂಳೆಗೆ ಹಣ್ಣಿನ ಬುಟ್ಟಿ ಹಿಸುಕಿದ್ರು. ಸ್ಟುಡಿಯೋ ಒಳಗೆ ನಿಂತು ನೋಡಿದ್ರೆ ಅದು ಅಡುಗೆಮನೆ, ಮನೇಲಿ ಕೂತು ಕೇಳೋನಿಗೆ ನರಕ.

"ನಾಟಕ ಮುಗಿದ ಮೇಲೆ ಅದನ್ನೆಲ್ಲಾ ಅಡುಗೆ ಮಾಡ್ತಿದ್ರಾ?" ಅಂತ ಕೇಳಿದ ಸೀನ. ಇಂಥಾ ಪ್ರಶ್ನೆ ಅವನಿಗೆ ಮಾತ್ರ ಹೊಳಿಯತ್ತೆ, ಉತ್ತರ ಯಾರಿಗೂ ಗೊತ್ತಿರ್ಲಿಲ್ಲ.

ರೇಡಿಯೋ ಅಂದ ಮೇಲೆ 1938ರ ಅಕ್ಟೋಬರ್ 30 ಬಿಡೋಕಾಗತ್ತಾ? ಆರ್ಸನ್ ವೆಲ್ಸ್ ಅನ್ನೋ ನಟನ ತಂಡ ಮಂಗಳ ಗ್ರಹದವರ ದಾಳಿ ಕತೇನ ನ್ಯೂಸ್ ಬುಲೆಟಿನ್ ಥರ ಓದಿ ಅಮೆರಿಕ ಪೂರ್ತಿ ಬೀದಿಗೆ ಓಡಿಬಂತು ಅಂತ ನಾವೆಲ್ಲಾ ಕೇಳ್ಕೊಂಡು ಬಂದಿರೋದು. ಮೂರ್ತಿ ಇದರ ಗಾಳಿ ತೆಗೆದ. ಗಾಬರಿ ಆದೋರು ಇದ್ರು ನಿಜ, ಆದ್ರೆ ದೇಶಕ್ಕೆ ದೇಶವೇ ಓಡ್ತು ಅನ್ನೋದು ಪೇಪರಿನೋರು ಊದಿಸಿದ್ದು, ರೇಡಿಯೋ ಮೇಲೆ ಅವರಿಗೆ ಮೊದಲೇ ಹೊಟ್ಟೆಕಿಚ್ಚು. ಆ ಹೊತ್ತಲ್ಲಿ ಜನ ಜಾಸ್ತಿ ಕೇಳ್ತಾ ಇದ್ದಿದ್ದು ಇನ್ನೊಂದು ಸ್ಟೇಷನ್ನಿನ ಎಡ್ಗರ್ ಬರ್ಗನ್ ಅನ್ನೋನ ಮಾತಾಡೋ ಗೊಂಬೆ ಶೋ.

"ಒಂದ್ನಿಮಿಷ" ಅಂದ್ರು ಲತಕ್ಕ. "ಮಾತಾಡೋ ಗೊಂಬೆ, ತುಟಿ ಅಲ್ಲಾಡಿಸದೇ ಮಾತಾಡೋದು. ರೇಡಿಯೋದಲ್ಲಿ?"

"ಹೂಂ."

"ತುಟಿ ಅಲ್ಲಾಡ್ತಾ ಇದ್ಯೋ ಇಲ್ವೋ ಯಾರಿಗೆ ಕಾಣತ್ತೆ?"

"ಯಾರಿಗೂ ಕಾಣಲ್ಲ. ಸೂಪರ್ ಹಿಟ್ಟು."

ಲತಕ್ಕ ಕಣ್ಣು ಒರೆಸ್ಕೊಂಡು ನಗೋಕೆ ಶುರು ಮಾಡಿ ನಿಲ್ಲಿಸೋಕೇ ಆಗ್ಲಿಲ್ಲ, ಮಂಗಳ ಗ್ರಹದವರು ಅಲ್ಲಿಗೇ ವಾಪಸ್ ಹೋದ್ರು. ನನಗೆ ಮಾತ್ರ ಇದು ಭಯದ ಬಗ್ಗೆ ಏನೋ ಹೇಳತ್ತೆ ಅನ್ಸತ್ತೆ, ಜನ ಕಾಣದೇ ಇರೋದನ್ನ ನಂಬೋಕೆ ಎಷ್ಟು ರೆಡಿ ಇದ್ರು ಅಂತ, ಅದು ಗೊಂಬೆ ಆದ್ರೂ ಸರಿ, ಮಂಗಳದ ಜೀವಿ ಆದ್ರೂ ಸರಿ.

ಟೀವೀಲಿ ಇದೇ ಆಟಾನ ಬಿಬಿಸಿ 1992ರ ಅಕ್ಟೋಬರ್ 31ಕ್ಕೆ ಆಡ್ತು, 'ಗೋಸ್ಟ್‌ವಾಚ್' ಅಂತ. ಮೊದಲೇ ಶೂಟ್ ಮಾಡಿಟ್ಟಿದ್ದನ್ನ ಲೈವ್ ಥರ ತೋರಿಸಿದ್ರು. ನಿರೂಪಕರು ಮೈಕೆಲ್ ಪಾರ್ಕಿನ್ಸನ್, ಜನ ವರ್ಷಾನುಗಟ್ಟಲೆ ನೋಡಿ ನಂಬಿದ ಮುಖ. ಸುಮಾರು 1 ಕೋಟಿ 10 ಲಕ್ಷ ಜನ ನೋಡಿದ್ರು. ಅದರಲ್ಲಿ ದೆವ್ವ ಇದೆ ಅನ್ನೋ ಒಂದು ಮನೇಲಿ ಏನೋ ಬಡಿಯೋ ಸದ್ದು, ಮಕ್ಕಳಿಗೆ ಅಮ್ಮ ಅದು ನೀರಿನ ಪೈಪು ಕಣ್ರೋ ಅಂತ ಸಮಾಧಾನ ಮಾಡಿದ್ದಕ್ಕೆ ಮಕ್ಕಳು ದೆವ್ವಕ್ಕೆ ಪೈಪ್ಸ್ ಅಂತಾನೇ ಹೆಸರಿಟ್ಟಿರ್ತಾರೆ. ಸ್ಕ್ರೀನ್ ಮೇಲೆ ಫೋನ್ ನಂಬರ್ ಹಾಕಿದ್ರು, ಬಿಬಿಸಿ ಮಾಮೂಲಿ ಕಾರ್ಯಕ್ರಮಗಳಿಗೆ ಬಳಸೋ ನಿಜವಾದ ನಂಬರೇ. ಫೋನ್ ಮಾಡಿದ್ರೆ, ಇದು ಬರೀ ಕತೆ ಅಂತ ಹೇಳೋ ಸಂದೇಶ ಇತ್ತು. ಆದ್ರೆ ಎಲ್ಲರೂ ಒಟ್ಟಿಗೆ ಮಾಡಿದ್ದಕ್ಕೆ ಲೈನ್ ಜಾಮ್, ಸಿಕ್ಕಿದ್ದು ಎಂಗೇಜ್ ಟೋನು. ಹೆದರಿ ಫೋನ್ ಮಾಡಿದೋನಿಗೆ ಅದೊಂದು ಎಕ್ಸ್ಟ್ರಾ ಎಫೆಕ್ಟು, ಫ್ರೀ. ಕಂಪ್ಲೇಂಟ್ ಮೇಲೆ ಕಂಪ್ಲೇಂಟ್ ಬಂದು ಬಿಬಿಸಿ ಅದನ್ನ ಮತ್ತೆ ಟೀವೀಲಿ ಹಾಕೋ ಸಹವಾಸಕ್ಕೇ ಹೋಗ್ಲಿಲ್ಲ.

"ಭಯ ಬೇಕು ಅಂತ ಟೀವಿ ಹಾಕೋದು, ಭಯ ಆಯ್ತು ಅಂತ ಕಂಪ್ಲೇಂಟ್ ಕೊಡೋದು" ಅಂದ ಸೀನ. ಅಪರೂಪಕ್ಕೆ ಸರಿಯಾಗೇ ಹೇಳಿದ.

ಅದಕ್ಕೆ ಮೂರ್ತಿ ಇನ್ನೊಂದು ಸ್ಟಡಿ ತೆಗೆದ, ಡೆನ್ಮಾರ್ಕಿನವರದ್ದು, 2020ದು. ದೆವ್ವದ ಮನೆ ಅಂತ ದುಡ್ಡು ಕೊಟ್ಟು ಒಳಗೆ ಹೋಗೋ ಜಾಗ ಇರತ್ತಲ್ಲ, ಅಲ್ಲಿ ಬಂದೋರ ಎದೆಬಡಿತ ಅಳೆದ್ರಂತೆ. ತೀರಾ ಕಮ್ಮಿ ಹೆದರಿದೋರಿಗೂ ಮಜಾ ಇಲ್ಲ, ತೀರಾ ಜಾಸ್ತಿ ಹೆದರಿದೋರಿಗೂ ಮಜಾ ಇಲ್ಲ, ನಡುವೆ ಒಂದು ಹದ ಇದೆ, ಅಲ್ಲಿದ್ದೋರೇ ಪುಣ್ಯವಂತರು. ಗೋಸ್ಟ್‌ವಾಚ್ ಆ ಹದ ಮೀರಿತು. ಇದು ಆಟ ಅಂತ ತಲೆ ಹಿಂದೆಲ್ಲೋ ಗೊತ್ತಿರಬೇಕು, ಎದೆಗೆ ಮಾತ್ರ ಗೊತ್ತಾಗಬಾರದು.

ಲತಕ್ಕ ಅಷ್ಟೊತ್ತೂ ಪುಸ್ತಕದ ಪರ ವಕಾಲತ್ತಿಗೆ ಕಾಯ್ತಾ ಇದ್ರು. ಬಡತನದ ಮಾತಾಡೋರು ಪುಸ್ತಕ ಮರೆತ್ರಲ್ಲ ಅಂತ ಶುರು ಹಚ್ಕೊಂಡ್ರು, ರೇಡಿಯೋಗೆ ಎಲೆಕೋಸಾದ್ರೂ ಇತ್ತು, ಪುಸ್ತಕಕ್ಕೆ ಏನಿದೆ, ಬಿಳಿ ಹಾಳೆ, ಕರಿ ಮಸಿ. "ಸಿನಿಮಾದಲ್ಲಿ ಕಣ್ಣು ಮುಚ್ಕೊಂಡ್ರೂ ಸಿನಿಮಾ ಓಡ್ತಾ ಇರತ್ತೆ, ಸೀನು ತಾನೇ ದಾಟಿ ಹೋಗತ್ತೆ. ಪುಸ್ತಕದಲ್ಲಿ ನೀನು ನಿಲ್ಲಿಸಿದ್ರೆ ದೆವ್ವಾನೂ ಅಲ್ಲೇ ನಿಲ್ಲತ್ತೆ, ಬಾಗಿಲ ಹಿಂದೆ, ಅದೇ ಸಾಲಲ್ಲಿ. ನೀನೇ ಪುಟ ತಿರುಗಿಸಿ ಅದನ್ನ ಒಳಗೆ ಕರೀಬೇಕು."

ಸೀನ ಎಂಜಲು ನುಂಗಿದ.

ಆಮೇಲೆ ಲತಕ್ಕ 1816ಕ್ಕೆ ಹೋದ್ರು. ಅದರ ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಬೂದಿ ಆಕಾಶಕ್ಕೇರಿ, ಯುರೋಪಿಗೆ ಬೇಸಿಗೇನೇ ಬರ್ಲಿಲ್ಲ. ಜಿನೀವಾ ಸರೋವರದ ಹತ್ರ ರಜೆಗೆ ಬಂದ ಫ್ರೆಂಡ್ಸೆಲ್ಲಾ ಮಳೆ ಅಂತ ಒಳಗೇ ಬಂದಿ, ಕವಿ ಬೈರನ್, ಕವಿ ಶೆಲ್ಲಿ, 18 ವರ್ಷದ ಮೇರಿ, ಬೈರನ್ನನ ಡಾಕ್ಟರ್ ಪೊಲಿಡೊರಿ. ಬೇಜಾರಿಗೆ ದೆವ್ವದ ಕತೆ ಪುಸ್ತಕ ಓದಿ, ಎಲ್ರೂ ಒಂದೊಂದು ಬರೆಯೋಣ ಅಂತ ಬೈರನ್ ಸವಾಲು ಹಾಕಿದ. ಇಬ್ಬರು ದೊಡ್ಡ ಕವಿಗಳೂ ಶುರು ಮಾಡಿ ಅರ್ಧಕ್ಕೇ ಕೈಬಿಟ್ರು. ಮೇರಿಗೆ ದಿನಾ ಬೆಳಿಗ್ಗೆ "ಕತೆ ಹೊಳೀತಾ?" ಅಂತ ಕೇಳೋರಂತೆ, ಪಾಪ, ಇಲ್ಲ ಇಲ್ಲ ಅಂತ ಹೇಳಿ ಹೇಳಿ ಅವಳಿಗೇ ನಾಚಿಕೆ. ಕೊನೆಗೆ ಹೊಳೆದಿದ್ದು 'ಫ್ರಾಂಕನ್‌ಸ್ಟೈನ್', 1818ರಲ್ಲಿ ಬಂತು, ಮೊದಲ ಮುದ್ರಣದಲ್ಲಿ ಅವಳ ಹೆಸರೇ ಇಲ್ಲ. ಬೈರನ್ ಕೈಬಿಟ್ಟ ತುಂಡು ಎತ್ಕೊಂಡು ಡಾಕ್ಟ್ರು ರಕ್ತಪಿಶಾಚಿ ಕತೆ ಬರೆದ್ರು, 1819ರಲ್ಲಿ ಅಚ್ಚಾದಾಗ ಅದರ ಮೇಲೆ ಬೈರನ್ ಹೆಸರು!

"ಅಂದ್ರೆ ಎರಡು ಫೇಮಸ್ ದೆವ್ವ ಹುಟ್ಟಿದ್ದು ಮಳೇಲಿ ಮಾಡೋಕೆ ಕೆಲಸ ಇಲ್ಲದ್ದಕ್ಕೆ" ಅಂದೆ ನಾನು, ನನ್ನ ವಾದಕ್ಕೆ ಇನ್ನೊಂದು ಪಾಯಿಂಟು.

"ಹಕ್ಕು ತಗೊಳ್ಳೋಕೆ ಕಾಸು ಬಿಚ್ಚದೇನೂ ಒಂದು ಹುಟ್ಟಿದೆ" ಅಂದ ಮೂರ್ತಿ. 1922ರ 'ನೊಸ್ಫೆರಾಟು', 'ಡ್ರಾಕುಲಾ' ಕಾದಂಬರೀನ ಕೇಳದೇ ಎತ್ತಿ ಹೆಸರು ಬದಲಾಯಿಸಿ ತೆಗೆದ ಜರ್ಮನ್ ಸಿನಿಮಾ. ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಹೆಂಡ್ತಿ ಕೇಸ್ ಹಾಕಿದ್ರು, ಪ್ರಿಂಟೆಲ್ಲಾ ನಾಶ ಮಾಡಿ ಅಂತ 1925ರಲ್ಲಿ ಕೋರ್ಟ್ ಆರ್ಡರ್ ಆಯ್ತು, ಆದ್ರೂ ಅಲ್ಲಿ ಇಲ್ಲಿ ಒಂದೆರಡು ಉಳ್ಕೊಂಡು ಮತ್ತೆ ಎದ್ದು ಬಂತು. ಬಿಸಿಲು ತಾಗಿದ್ರೆ ರಕ್ತಪಿಶಾಚಿ ಸಾಯತ್ತೆ ಅಂತ ನಾವೆಲ್ಲಾ ಪುರಾಣದ ಥರ ನಂಬಿದೀವಲ್ಲ, ಅದೂ ಈ ಸಿನಿಮಾದಿಂದಾನೇ. 1897ರ ಕಾದಂಬರೀಲಿ ಡ್ರಾಕುಲಾ ಹಗಲಲ್ಲೇ ಓಡಾಡ್ತಾನೆ, ಶಕ್ತಿ ಸ್ವಲ್ಪ ಕಮ್ಮಿ ಇರತ್ತೆ, ಅಷ್ಟೇ.

ಸೀನನಿಗೆ ಈ ವಿಷಯ ಸರಿಹೋಗ್ಲಿಲ್ಲ. "ಹಗಲು ಸೇಫ್ ಅಂತ ತಾನೇ ನಾನು ಅವನ್ನ ಹಗಲಲ್ಲಿ ನೋಡೋದು" ಅಂದು ಬಾಯಿ ಕಚ್ಕೊಂಡ.

ಈಗ ಮತ್ತೆ ಪಾಡ್‌ಕಾಸ್ಟ್ ಅಂತ ಬಂದು ರೇಡಿಯೋ ಕಾಲ ತಿರುಗಿ ಬಂದಿದೆ, ಅದೂ ಇಯರ್‌ಫೋನಲ್ಲಿ, ಪಿಸುಗುಟ್ಟೋನು ನೇರ ಕಿವಿ ಒಳಗೇ ಕೂತಿರ್ತಾನೆ. ನಾವೂ ಒಂದು ಮಾಡೋಣ, ಖರ್ಚೇನು, ಮೊಬೈಲ್ ಸಾಕು ಅಂತ ಯಾರೋ ಅಂದಿದ್ದೇ ತಡ ಎಲ್ಲರಿಗೂ ಹುಮ್ಮಸ್ಸು. ಕತೆ ಆಮೇಲೆ, ಮೊದಲು ಬಾಗಿಲ ಕಿರ್ರ್ ಸದ್ದು ಬೇಕು. ಲತಕ್ಕನ ಮನೆಯ ಅಷ್ಟೂ ಬಾಗಿಲು ತೆಗೆದು ಹಾಕಿ ನೋಡಿದ್ವಿ, ಒಂದೂ ಉಸಿರೆತ್ತಲ್ಲ, ಎಲ್ಲಕ್ಕೂ ಎಣ್ಣೆ ಬಿಟ್ಟಿದ್ದಾರೆ.

ಮೂರ್ತಿ ಕೈ ಎತ್ತಿ ನಿಲ್ಲಿಸಿದ. 1941ರಲ್ಲಿ ಶುರುವಾದ 'ಇನ್ನರ್ ಸ್ಯಾಂಕ್ಟಮ್' ರೇಡಿಯೋ ನಾಟಕಕ್ಕೆ ಕಿರುಗುಡೋ ಬಾಗಿಲೇ ಟ್ರೇಡ್‌ಮಾರ್ಕ್ ಅಂತೆ, ಮೊದಲ ಸಲ ತಂದ ಬಾಗಿಲು ಕಿರುಗುಡಲೇ ಇಲ್ಲ, ನಾಟಕದ ನಿರ್ಮಾಪಕ ಹಿಮನ್ ಬ್ರೌನ್ ಪಕ್ಕದಲ್ಲಿದ್ದ ತುಕ್ಕು ಹಿಡಿದ ಚೇರ್ ಮೇಲೆ ಕೂತು ತಿರುಗಿದ, ಆ ಚೇರೇ ಬಾಗಿಲಾಯ್ತು. ಒಂದು ಸಲ ಯಾರೋ ಪುಣ್ಯಾತ್ಮ ಒಳ್ಳೇ ಮನಸ್ಸಿಂದ ಚೇರಿಗೆ ಎಣ್ಣೆ ಬಿಟ್ಟುಬಿಟ್ಟ. ಆ ದಿನ ಸೌಂಡಿನೋನು ಬಾಯಲ್ಲೇ ಕಿರ್ರ್ ಅಂದು ಮರ್ಯಾದೆ ಉಳಿಸಿದ.

ಸರಿ, ಬಾಯಿ ಎಲ್ಲರಿಗೂ ಇದೆ. ನಾನು ಮಾಡಿದೆ, ಮೂರ್ತಿ ಮಾಡಿದ, ಸೀನ ಕಣ್ಣು ಮುಚ್ಚಿ ಕತ್ತು ಚಾಚಿ ಉದ್ದಕ್ಕೆ "ಕಿರ್ರ್ರ್ರ್ರ್" ಅಂದ. ಒಳಗಿನ ರೂಮಿಂದ ಲತಕ್ಕನ ಮಗಳು ಓಡಿ ಬಂದು ಕೇಳಿದ್ಳು, "ಅಮ್ಮಾ, ಯಾರಿಗೆ ವಾಂತಿ?"