ಸಹಾಯ ಬೇಕು: ಫೋಟೊ ಕೆಲಸಕ್ಕೆ ಯಾವ ಲ್ಯಾಪ್‌ಟಾಪ್, ಯಾವ ಆಪರೇಟಿಂಗ್ ಸಿಸ್ಟಂ?

ಎಲ್ಲರಿಗೂ ಶರಣು. ಊರು ಬೀದರ್. ಮದುವೆ ಫೋಟೊಗಳಿಂದ ಹೊಟ್ಟೆ ತುಂಬುತ್ತದೆ. ಮನಸ್ಸು ಇರುವುದು ಬಿದರಿ ಕುಶಲಕರ್ಮಿಗಳ ಕೆಲಸವನ್ನು ಸೆರೆಹಿಡಿಯುವುದರಲ್ಲಿ. ನವಸಾಗರ ಮತ್ತು ಕೋಟೆಯ ಮಣ್ಣು ಬೆರೆಸಿದ ಬಿಸಿ ದ್ರಾವಣ ತಾಗಿದೊಡನೆ ಸತು-ತಾಮ್ರದ ಹೂಜಿ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಹಾಗೆಯೇ ಹೊಳೆಯುತ್ತದೆ. ಆ ಕಪ್ಪಿನೊಳಗಿನ ಛಾಯೆಗಳು ಉಳಿಯಲೆಂದೇ 14 ಬಿಟ್ ರಾ ಫೈಲ್‌ಗಳಲ್ಲಿ (ಕ್ಯಾಮೆರಾದ ಮೂಲ ಮಾಹಿತಿಯನ್ನೇ ಉಳಿಸುವ ಫೈಲ್) ತೆಗೆಯುತ್ತೇನೆ. ನನ್ನ ಹಳೆಯ ಲ್ಯಾಪ್‌ಟಾಪ್ ಪರದೆಯಲ್ಲಿ ಅವೆಲ್ಲ ಒಂದೇ ಮಸಿಯಾಗಿ ಕಾಣುತ್ತವೆ.

ಅದರಲ್ಲಿರುವುದು 8 ಜಿಬಿ ರ್‍ಯಾಮ್, ಹಳೆಯ ಹಾರ್ಡ್ ಡಿಸ್ಕ್. ನಮ್ಮೂರಿನ ಹಳೆಯ ಮಹಮೂದ್ ಗವಾನ್ ಮದರಸಾದ ಹೆಂಚಿನ ಗೋಡೆಯ ಹನ್ನೆರಡು ಚಿತ್ರಗಳನ್ನು ಜೋಡಿಸಲು ಹೋದರೆ ನಡುವೆಯೇ ನಿಂತುಬಿಡುತ್ತದೆ.

ಸುಮಾರು ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ವಿಂಡೋಸ್ ಆದರೆ 32 ಜಿಬಿ ರ್‍ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಸಿಗಬಹುದು. ಮ್ಯಾಕ್‌ಬುಕ್ ಏರ್ ಪರದೆ ನನಗೆ ತುಂಬಾ ಹಿಡಿಸಿದೆ, ಆದರೆ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು. ಈಗಿನ ಏರ್‌ನಲ್ಲಿ ಫ್ಯಾನ್ ಕೂಡ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಎರಡು ಸಾವಿರ ಫೋಟೊ ಎಕ್ಸ್‌ಪೋರ್ಟ್ ಮಾಡುವಾಗ ವೇಗ ಕುಸಿಯುತ್ತದೆಯೇ? ಬಳಸಿದವರು ದಯವಿಟ್ಟು ಹೇಳಿ.

ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ಗೆ ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶ ಬರುವುದಿಲ್ಲ. ಅದೇ ಕೆಲಸಕ್ಕೆ ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಕಲಿಯಲು ಸಿದ್ಧನಿದ್ದೇನೆ. ಅದರಲ್ಲೇ ಮದುವೆ ಆಲ್ಬಂ ಮುಗಿಸಿಕೊಡುವವರು ಇಲ್ಲಿ ಯಾರಾದರೂ ಇದ್ದೀರಾ?

ಪರದೆ ಎಸ್‌ಆರ್‌ಜಿಬಿ (ಪರದೆಗಳಿಗೆ ಗೊತ್ತುಮಾಡಿದ ಸಾಮಾನ್ಯ ಬಣ್ಣಶ್ರೇಣಿ) ಬಣ್ಣಗಳನ್ನು ಪೂರ್ತಿ ತೋರಿಸಲೇಬೇಕು, ಇದರಲ್ಲಿ ರಾಜಿ ಇಲ್ಲ. ಕಲಬುರಗಿಯಲ್ಲಿ ಪರದೆಯ ಬಣ್ಣ ಹೊಂದಿಸಿಕೊಡುವವರು ಗೊತ್ತಿದ್ದರೆ ತಿಳಿಸಿ. ದಸರೆಯೊಳಗೆ ಕೊಳ್ಳಬೇಕೆಂದಿದ್ದೇನೆ.