ಕರಡು ಮಾಸ್ಟರ್ ಪ್ಲಾನ್‌ನಲ್ಲಿ ಗದ್ದೆ ಹಳದಿ (ವಸತಿ ವಲಯದ ಬಣ್ಣ) ಆಗಿದೆ, ಏನು ಮಾಡೋದು?

ನಾಲೆಬದಿ: ಮಂಡ್ಯ ಅಂಚಿನಲ್ಲಿ, ವಿಶ್ವೇಶ್ವರಯ್ಯ ನಾಲೆ ಅಚ್ಚುಕಟ್ಟಿನ ಸರ್ವೆ ನಂಬರನ್ನು ಕರಡಲ್ಲಿ ವಸತಿ ವಲಯ ಮಾಡಿದರೆ ಅದು ತಾನಾಗೇ ಸೈಟ್ ಆಗುತ್ತಾ? ಆಕ್ಷೇಪಣೆ ಹೇಗೆ? ವಸತಿಗೆ ಇಷ್ಟು ಜಾಗ ಬೇಕು ಅಂತ ಯಾವ ಲೆಕ್ಕದಲ್ಲಿ ತೀರ್ಮಾನಿಸ್ತಾರೆ?

ಪಹಣಿಪ್ರಿಯ: ಆಗಲ್ಲ. ಹಳದಿ ಅಂದರೆ ವಸತಿಗೆ ಅವಕಾಶ ಇದೆ ಅಂತಷ್ಟೆ. ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕೇ ಬೇಕು. ಆಕ್ಷೇಪಣೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂನಲ್ಲಿ ಪ್ರಕಟಣೆಯಿಂದ 60 ದಿನ ಇದೆ. ಬರಹದಲ್ಲೇ ಕೊಡಿ: ಪಹಣಿ, ಸರ್ವೆ ಸ್ಕೆಚ್, ಕರಡು ನಕ್ಷೆಯ ಆ ಭಾಗದ ಪ್ರತಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ‘ಗದ್ದೆ ಉಳಿಸಿ’ ಅಂದರೆ ಸಾಲದು. ಯಾವ ವಲಯ ಬೇಕು, ನೀರು ಯಾವ ತೂಬಿನಿಂದ ಬರುತ್ತೆ, ಹಿಂಬದಿಯ ಗದ್ದೆಗಳಿಗೆ ನೀರು ಹೋಗೋದೂ ಅದೇ ಕಾಲುವೆಯಿಂದಲೇನಾ, ಇದನ್ನೆಲ್ಲ ಬರೆಯಿರಿ.

ನಕ್ಷೆಗಾರ: ಲೆಕ್ಕ ಸರಳ. ಉದಾಹರಣೆಗೆ 30,000 ಜನ ಹೆಚ್ಚುತ್ತಾರೆ ಅಂತಿಟ್ಟುಕೊಳ್ಳಿ. ಮನೆಗೆ 4 ಜನರಂತೆ 7,500 ಮನೆ. ಹೆಕ್ಟೇರಿಗೆ 150 ಜನ ಅಂದರೆ 200 ಹೆಕ್ಟೇರ್, ಸುಮಾರು 494 ಎಕರೆ. ಸಾಂದ್ರತೆ 100ಕ್ಕೆ ಇಳಿಸಿದರೆ ಅದೇ ಜನಕ್ಕೆ 300 ಹೆಕ್ಟೇರ್! ಗದ್ದೆ ತಿನ್ನೋದು ಇಲ್ಲೇ. ಖಾಲಿ ಬಿದ್ದಿರುವ ಹಳೇ ಸೈಟುಗಳನ್ನು ಈ ಲೆಕ್ಕದಿಂದ ಕಳೆದಿದ್ದಾರಾ ಅಂತಲೂ ಕೇಳಿ.

ಇನ್ನೊಂದು ವಿಷಯ, ಹಳೇ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗಡಿ ಜಾರುತ್ತೆ. ಬಂಡಿದಾರಿ, ಖರಾಬು (ಸಾಗುವಳಿಗೆ ಬಾರದ ಜಾಗ), ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ಕಾಣೆಯಾಗಿ ರಸ್ತೆ ಗೆರೆ ಪಕ್ಕದವರ ಹೊಲದಲ್ಲಿ ಹಾಯುತ್ತೆ. ಊರಿನ ಕಟ್ಟೆ, ಸೇತುವೆಯಂಥ ಕದಲದ ಗುರುತಿನಿಂದ ಅಳೆದು ನೋಡಿ.

ನಾಲೆಬದಿ: ಸರಿ, ತೂಬಿನ ನಂಬರು ಸೇರಿಸ್ತೀನಿ.