ಹೊಸದಾಗಿ ಕಟ್ಟುತ್ತಿರುವ ಬೇಸ್‌ಬಾಲ್ ತಂಡ: ಏಪ್ರಿಲ್‌ನಲ್ಲಿ ಏನನ್ನು ನೋಡಬೇಕು?

ಪ್ರಶ್ನೆ

ನಮಸ್ಕಾರ. ನಾನು ಶಿಕಾಗೊ ವೈಟ್ ಸಾಕ್ಸ್ ತಂಡದ ಅಭಿಮಾನಿ. 2024ರಲ್ಲಿ 162 ಪಂದ್ಯಗಳ ಪೈಕಿ 121ನ್ನು ಸೋತು, 1962ರ ನ್ಯೂಯಾರ್ಕ್ ಮೆಟ್ಸ್ ಹೆಸರಿನಲ್ಲಿದ್ದ 120 ಸೋಲುಗಳ ಆಧುನಿಕ ದಾಖಲೆಯನ್ನೂ ಮೀರಿದ ತಂಡವಿದು. 2025ರಲ್ಲಿ 60 ಗೆದ್ದು 102 ಸೋತಿತು. ಪಿಚರ್ (ಚೆಂಡೆಸೆಯುವ ಆಟಗಾರ) ಗ್ಯಾರೆಟ್ ಕ್ರೋಶೆ ಅವರನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟು ಪಡೆದ ನಾಲ್ವರು ಯುವಕರಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಆಟಗಾರ) ಕೈಲ್ ಟೀಲ್ ಮತ್ತು ಚೇಸ್ ಮೈಡ್ರಾತ್ ಆ ವರ್ಷವೇ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ನಲ್ಲಿ ಆಡಿದರು. ಹೀಗೆ ಬುಡದಿಂದ ಕಟ್ಟುತ್ತಿರುವ ತಂಡವೊಂದು ಮುಂದೆ ಸಾಗುತ್ತಿದೆಯೋ ನಿಂತಲ್ಲೇ ನಿಂತಿದೆಯೋ ಎಂಬುದನ್ನು ಸೀಸನ್ನಿನ ಮೊದಲ ತಿಂಗಳಲ್ಲಿ ಯಾವ ಆಧಾರದ ಮೇಲೆ ಹೇಳಬಹುದು? ಇಪ್ಪತ್ತೈದು ಪಂದ್ಯಗಳ ಫಲಿತಾಂಶಕ್ಕೆ ಅರ್ಥವಿಲ್ಲ ಎನ್ನುವವರೇ ಹೆಚ್ಚು; ಹಾಗಾದರೆ ಅರ್ಥವಿರುವುದು ಯಾವುದಕ್ಕೆ?

ಉತ್ತರ 1

ಗೆಲುವು ಸೋಲಿನ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು, ಗಳಿಸಿದ ರನ್ ಮತ್ತು ಬಿಟ್ಟುಕೊಟ್ಟ ರನ್‌ಗಳನ್ನು ನೋಡಿ. ಗಳಿಸಿದ ರನ್‌ಗಳ ವರ್ಗವನ್ನು ಈ ಎರಡರ ವರ್ಗಗಳ ಮೊತ್ತದಿಂದ ಭಾಗಿಸಿದರೆ, ತಂಡ ನ್ಯಾಯವಾಗಿ ಗೆಲ್ಲಬೇಕಾಗಿದ್ದ ಪಂದ್ಯಗಳ ಪ್ರಮಾಣ ಸಿಗುತ್ತದೆ ಎಂಬುದು ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಅವರ ಹಳೆಯ ಸೂತ್ರ. ಬಾಲ್ಟಿಮೋರ್ ಓರಿಯೋಲ್ಸ್ 2021ರಲ್ಲಿ 659 ರನ್ ಗಳಿಸಿ 956 ಬಿಟ್ಟುಕೊಟ್ಟಿತು. ಸೂತ್ರದ ಪ್ರಕಾರ 52 ಗೆಲುವು, ವಾಸ್ತವದಲ್ಲೂ 52. ಮರುವರ್ಷ ಗಳಿಸಿದ್ದು 674, ಬಿಟ್ಟುಕೊಟ್ಟಿದ್ದು 688, ಗೆಲುವು 83. ಬ್ಯಾಟಿಂಗ್‌ನಿಂದ ಬಂದದ್ದು ಹದಿನೈದೇ ಹೆಚ್ಚುವರಿ ರನ್ ಎಂಬುದನ್ನು ಗಮನಿಸಿ. ಉಳಿದ 268 ರನ್‌ಗಳ ವ್ಯತ್ಯಾಸ ಪೂರ್ತಿ ಪಿಚಿಂಗ್ ಮತ್ತು ಫೀಲ್ಡಿಂಗ್‌ನದು. ಆ ಏಪ್ರಿಲ್‌ನಲ್ಲಿ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಬಹಳ ಹೆಚ್ಚಾಗಿದ್ದರಿಂದ, ಅಂಕಪಟ್ಟಿಯನ್ನಷ್ಟೇ ನೋಡಿದವರಿಗೆ ಇದು ಕಾಣಲಿಲ್ಲ.

ಉತ್ತರ 2

ಮೇಲಿನ ಮಾತು ಸರಿ. ಆದರೆ ಏಪ್ರಿಲ್‌ನಲ್ಲಿ ಆಡುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ನಾನು ಅದಕ್ಕಿಂತ ಮೊದಲು ಕೇಳುತ್ತೇನೆ. 2019ರ ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲ ಆಯ್ಕೆಯಾದ ಕ್ಯಾಚರ್ ಆಡ್ಲಿ ರಚ್‌ಮನ್ ಗಾಯದಿಂದಾಗಿ 2022ರ ಆರಂಭಕ್ಕೆ ಲಭ್ಯರಿರಲಿಲ್ಲ. ಅವರು ಮೇ 21ರಂದು ಬರುವ ಮೊದಲು ಓರಿಯೋಲ್ಸ್ 16 ಗೆದ್ದು 24 ಸೋತಿತ್ತು, ಬಂದ ಮೇಲೆ 67 ಗೆದ್ದು 55 ಸೋತಿತು. ಯಾರ ಸುತ್ತ ತಂಡವನ್ನು ಕಟ್ಟಲಾಗುತ್ತಿತ್ತೋ ಅವರೇ ಇಲ್ಲದ ತಂಡದ ಮೇಲೆ ಏಪ್ರಿಲ್‌ನಲ್ಲಿ ತೀರ್ಪು ಕೊಡುವುದರಲ್ಲಿ ಹುರುಳಿಲ್ಲ.

ಇನ್ನೊಂದು ಸಂಗತಿ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಬೇರೆಡೆ ಬೆಲೆಯಿಲ್ಲದವರು ಇಲ್ಲಿ ಸುಧಾರಿಸುತ್ತಿದ್ದಾರೆಯೇ? ಹೋರ್ಹೆ ಲೋಪೆಸ್ 2021ರಲ್ಲಿ 3 ಗೆಲುವು, 14 ಸೋಲಿನ ಪಿಚರ್. ಅವರನ್ನು ಪೂರ್ಣಾವಧಿಗೆ ಬುಲ್‌ಪೆನ್‌ಗೆ (ಪಂದ್ಯದ ನಡುವೆ ಬರುವ ಬದಲಿ ಪಿಚರ್‌ಗಳ ಗುಂಪು) ಕಳಿಸಿ, ಪಂದ್ಯದ ಕೊನೆಯ ಇನ್ನಿಂಗ್ಸ್‌ಗಳಿಗೆ ಮಾತ್ರ ಬಳಸಿದಾಗ ಅದೇ ಕೈ ಲೀಗಿನ ಶ್ರೇಷ್ಠರು ಆಡುವ 2022ರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಯಿತು. ಆಗಸ್ಟ್‌ನಲ್ಲಿ ಅವರನ್ನು ಮಿನ್ನೆಸೋಟಕ್ಕೆ ಕೊಟ್ಟು ಪಡೆದವರಲ್ಲಿ ಒಬ್ಬರಾದ ಯೆನ್ನಿಯರ್ ಕಾನೊ ಮರುವರ್ಷ ತಾವೂ ಆಲ್‌ಸ್ಟಾರ್ ಆದರು. ಇಂಥದ್ದು ಒಮ್ಮೆ ನಡೆದರೆ ಅದೃಷ್ಟವೆನ್ನಬಹುದು, ಮತ್ತೆ ಮತ್ತೆ ನಡೆದರೆ ಆ ತಂಡದ ಕೋಚ್‌ಗಳಿಗೆ ಕೆಲಸ ಗೊತ್ತಿದೆ ಎಂದೇ ತಿಳಿಯಬೇಕು. ಎಳೆಯ ಆಟಗಾರರ ವಿಷಯದಲ್ಲಿ ಬ್ಯಾಟಿಂಗ್ ಸರಾಸರಿಯನ್ನು ನಂಬಬೇಡಿ, ಅದು ಇಡೀ ಸೀಸನ್ನಿನಲ್ಲೂ ಸ್ಥಿರವಾಗುವುದಿಲ್ಲ; ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಪ್ರಮಾಣವಾದರೋ ಕೆಲವೇ ವಾರಗಳಲ್ಲಿ ಒಂದು ಹದಕ್ಕೆ ಬರುತ್ತದೆ, ಪಿಚರನ ಚೆಂಡಿನ ವೇಗ ಅದಕ್ಕಿಂತಲೂ ಬೇಗ ಗೊತ್ತಾಗುತ್ತದೆ.

ಉತ್ತರ 3

ಓರಿಯೋಲ್ಸ್ ಉದಾಹರಣೆಯನ್ನು ತೀರಾ ಹೊಗಳುವ ಮುನ್ನ ಗೋಡೆಯನ್ನು ನೆನಪಿಡೋಣ. 2022ಕ್ಕೆ ಮೊದಲು ಓರಿಯೋಲ್ಸ್‌ನ ತವರು ಮೈದಾನವಾದ ಕ್ಯಾಮ್ಡನ್ ಯಾರ್ಡ್ಸ್‌ನ ಎಡಬದಿಯ ಗೋಡೆಯನ್ನು ಗಣನೀಯವಾಗಿ ಹಿಂದಕ್ಕೆ ಸರಿಸಿ, ಎತ್ತರವನ್ನು ಸುಮಾರು 7 ಅಡಿಯಿಂದ 13 ಅಡಿಗೆ ಏರಿಸಿದ್ದರು. 2019ರಲ್ಲಿ 305 ಹೋಮ್ ರನ್ (ಚೆಂಡನ್ನು ಗೋಡೆಯಾಚೆ ಹೊಡೆಯುವ ಹೊಡೆತ) ಬಿಟ್ಟುಕೊಟ್ಟು ದಾಖಲೆ ಮಾಡಿದ್ದ ತಂಡಕ್ಕೆ ಅದರಿಂದ ಲಾಭವಾಗದೆ ಇರುತ್ತದೆಯೇ? ಇನ್ನು 2023ರಲ್ಲಿ 101 ಪಂದ್ಯ ಗೆದ್ದ ಅದೇ ತಂಡ ಪ್ಲೇಆಫ್‌ನಲ್ಲಿ ಟೆಕ್ಸಸ್‌ಗೆ ಮೂರಕ್ಕೆ ಮೂರೂ ಸೋತಿತು, 2025ರಲ್ಲಿ 75 ಗೆಲುವಿಗೆ ಇಳಿಯಿತು, ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಆ ಮೇ ತಿಂಗಳಲ್ಲೇ ಕೆಲಸ ಕಳೆದುಕೊಂಡರು. ಎಳೆಯರನ್ನು ಬೆಳೆಸಿದ ಮೇಲೆ ಪಂದ್ಯ ಆರಂಭಿಸುವ ಒಳ್ಳೆಯ ಸ್ಟಾರ್ಟಿಂಗ್ ಪಿಚರ್‌ಗಳಿಗೆ ಹಣ ಬಿಚ್ಚುವ ಮನಸ್ಸು ಮಾಲೀಕರಿಗೆ ಇದೆಯೇ ಎಂಬುದನ್ನು ಯಾವ ಏಪ್ರಿಲ್ಲೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮೊದಲ ಉತ್ತರದ ಸೂತ್ರವನ್ನು ವೈಟ್ ಸಾಕ್ಸ್‌ಗೆ ಹಚ್ಚಿದರೆ ಏನು ಕಾಣುತ್ತದೆ?

ಉತ್ತರ 1

2024ರಲ್ಲಿ ತಂಡ ಗಳಿಸಿದ್ದು 507, ಬಿಟ್ಟುಕೊಟ್ಟದ್ದು 813. ಸೂತ್ರ ಹೇಳುವುದು 45 ಗೆಲುವು, ಸಿಕ್ಕಿದ್ದು 41. ಅಂದರೆ ಅದೃಷ್ಟವನ್ನು ದೂರುವಂತಿಲ್ಲ, ತಂಡವೇ ಅಷ್ಟು ದುರ್ಬಲವಾಗಿತ್ತು. 2025ರಲ್ಲಿ ಒಂದೇ ರನ್ನಿನಿಂದ ಕೈತಪ್ಪಿದ ಪಂದ್ಯಗಳು ಹೇರಳವಾಗಿದ್ದುದರಿಂದ, ನಿಜವಾದ ಸುಧಾರಣೆ 60 ಎಂಬ ಅಂಕೆ ತೋರಿಸುವುದಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಏಪ್ರಿಲ್ ಕೊನೆಗೆ ರನ್ ವ್ಯತ್ಯಾಸವನ್ನೂ, ಟೀಲ್ ಮತ್ತು ಮೈಡ್ರಾತ್ ಪಡೆದ ವಾಕ್ (ನಾಲ್ಕು ತಪ್ಪು ಎಸೆತಗಳಿಂದ ಸಿಗುವ ಮೊದಲ ಬೇಸ್) ಹಾಗೂ ಅವರ ಸ್ಟ್ರೈಕ್‌ಔಟ್‌ಗಳನ್ನೂ ಬರೆದಿಟ್ಟುಕೊಂಡು, ಜೂನ್‌ನಲ್ಲಿ ಮತ್ತೊಮ್ಮೆ ಹೋಲಿಸಿ ನೋಡಿ.